ನೆಲಕ್ಕೆ ಹತ್ತಿರ: ತಗ್ಗಿದ ಕಾರು, ವಾಲಿದ ಚಕ್ರ, ಸವೆದ ಟೈರು

ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ 24008 ಎಂಬ ಸಂಖ್ಯೆಯ ಒಂದು ಕಲಮು ಇತ್ತು. 1958ರಲ್ಲಿ ಜಾರಿಗೆ ಬಂದದ್ದು 2023ರ ಡಿಸೆಂಬರ್ ಕೊನೆಯವರೆಗೂ ಬದುಕಿತ್ತು. ಅದರ ಸಾರ ಇಷ್ಟೇ: ಕಾರಿನ ಮೂಲ ವಿನ್ಯಾಸವನ್ನು ಬದಲಿಸಿ, ಚಕ್ರಗಳನ್ನು ಬಿಟ್ಟು ಅದರ ಬೇರೆ ಯಾವುದಾದರೂ ಭಾಗ ರಿಮ್ಮಿನ ತಳದ ಅಂಚಿಗಿಂತ ನೆಲಕ್ಕೆ ಹತ್ತಿರವಾಗುವಂತೆ ಮಾಡಿದರೆ, ಆ ಕಾರನ್ನು ರಸ್ತೆಯಲ್ಲಿ ಓಡಿಸುವುದು ಅಪರಾಧ. 13 ಇಂಚಿನ ರಿಮ್ಮು, ಅದಕ್ಕೊಂದು ಸಣ್ಣ ಟೈರು ಇರುವ ಕಾರಿನಲ್ಲಿ ಈ ಗೆರೆ ನೆಲದಿಂದ ಸುಮಾರು 10 ಸೆಂಟಿಮೀಟರ್ ಮೇಲೆ ಬರುತ್ತದೆ. ಅಂಗೈಯ ಅಗಲಕ್ಕಿಂತ ತುಸು ಹೆಚ್ಚು, ಅಷ್ಟೆ. ಕಣ್ಣಿಗೆ ಕಾಣದ ಈ ಗೆರೆಯ ಆಚೆ ಈಚೆ ದಕ್ಷಿಣ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಅಮೆರಿಕನ್ ಯುವಕರೂ ಪೊಲೀಸರೂ ಆರು ದಶಕಗಳ ಕಾಲ ಎದುರುಬದುರು ನಿಂತಿದ್ದರು.

ಕಲಮಿಗೆ ಒಂದು ತರ್ಕ ಹೇಳಬಹುದಿತ್ತು. ಓಡುವ ಕಾರಿನ ಟೈರಿನ ಗಾಳಿ ಹೋದರೆ ಕಾರು ರಿಮ್ಮಿನ ಮೇಲೆ ಕೂರುತ್ತದೆ. ಆಗ ರಿಮ್ಮಿಗಿಂತ ಕೆಳಗಿರುವ ಸ್ಟಿಯರಿಂಗ್ ಕಡ್ಡಿಯೋ ಚಾಸಿಯ ತುಂಡೋ ನೆಲಕ್ಕೆ ತಾಗಿ ಕಾರು ಹತೋಟಿ ತಪ್ಪಬಹುದು. ಮಾತು ಸುಳ್ಳಲ್ಲ. ಆದರೆ ಕಾರನ್ನು ತಗ್ಗಿಸಿದಾಗ ದಿನದಿನವೂ ಆಗುವ ಹಾನಿ ಹೊಟ್ಟೆಯ ಕೆಳಗೆ ಆಗುವುದಲ್ಲ, ಚಕ್ರಗಳ ಕೋನದಲ್ಲಿ ಆಗುತ್ತದೆ. ಅದು ಟೈರಿನ ಒಳ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ದಾಖಲಾಗುತ್ತದೆ. ಕಾನೂನು ಅಳೆದದ್ದು ಎತ್ತರವನ್ನು. ಟೈರು ಅಳೆಯುವುದು ಓರೆಯನ್ನು. ಈ ಎರಡು ಅಳತೆಗಳ ನಡುವಿನ ಅಂತರವೇ ತಗ್ಗಿದ ಕಾರಿನ ಇತಿಹಾಸ.

ಗಾಡಿ ಚಕ್ರದಿಂದ ಬಂದ ಓರೆ

ಚಕ್ರ ನೆಟ್ಟಗೆ ನಿಲ್ಲಬೇಕು ಎಂಬುದು ಸಹಜವೆನಿಸುವ ಕಲ್ಪನೆ. ಕುದುರೆ ಗಾಡಿ ಕಟ್ಟುತ್ತಿದ್ದ ಯುರೋಪಿನ ಬಡಗಿಗಳು ಹಾಗೆ ಯೋಚಿಸಲಿಲ್ಲ. ಅವರ ಚಕ್ರ ಚಪ್ಪಟೆ ತಟ್ಟೆಯಂತೆ ಇರುತ್ತಿರಲಿಲ್ಲ. ಅರೆಗಳು ಗುಂಬದಿಂದ ಹೊರಕ್ಕೆ ಓರೆಯಾಗಿ ಹೊರಟು, ಚಕ್ರ ಆಳವಿಲ್ಲದ ಬೋಗುಣಿಯ ಆಕಾರ ಪಡೆಯುತ್ತಿತ್ತು. ಕುದುರೆ ಹೆಜ್ಜೆ ಹಾಕುವಾಗ ಗಾಡಿ ಅತ್ತಿತ್ತ ತೂಗುತ್ತದೆ. ಆ ಪಕ್ಕದೊತ್ತಡವನ್ನು ತಡೆಯಲು ಬೋಗುಣಿಯ ಆಕಾರ ಗಟ್ಟಿ. ನೆಲಕ್ಕೆ ತಾಗುವ ಅರೆ ಮಾತ್ರ ಲಂಬವಾಗಿ ನಿಂತು ಭಾರ ಹೊರಬೇಕಾದ್ದರಿಂದ ಅಚ್ಚಿನ ತುದಿಯನ್ನು ತುಸು ಕೆಳಕ್ಕೆ ಬಗ್ಗಿಸುತ್ತಿದ್ದರು. ಹೀಗಾಗಿ ಎದುರಿನಿಂದ ನೋಡಿದರೆ ಚಕ್ರಗಳ ತಲೆ ಹೊರಕ್ಕೆ ವಾಲಿರುತ್ತಿತ್ತು.

ಈ ವಾಲುವಿಕೆಗೆ ಮೋಟಾರು ಭಾಷೆಯಲ್ಲಿ ಕ್ಯಾಂಬರ್ ಎಂದು ಹೆಸರು. ಪದ ಫ್ರೆಂಚಿನ ಮೂಲಕ ಬಂದದ್ದು, ಬೇರು ಲ್ಯಾಟಿನ್ನಿನಲ್ಲಿ 'ಬಾಗಿದ' ಎಂಬರ್ಥದ ಮಾತು. ಹಡಗಿನ ಅಟ್ಟದ ಉಬ್ಬಿಗೆ, ನೀರು ಹರಿದುಹೋಗಲೆಂದು ರಸ್ತೆಯ ನಡುವಿಗೆ ಕೊಡುವ ಉಬ್ಬಿಗೆ ಇದೇ ಪದ ಬಳಕೆಯಲ್ಲಿದೆ. ಚಕ್ರದ ತಲೆ ಹೊರಕ್ಕೆ ವಾಲಿದರೆ ಧನ ಕ್ಯಾಂಬರ್, ಒಳಕ್ಕೆ ವಾಲಿದರೆ ಋಣ ಕ್ಯಾಂಬರ್. ಮೊದಲ ಕಾರುಗಳು ಗಾಡಿಗಳಿಂದ ಧನ ಕ್ಯಾಂಬರನ್ನು ಹಾಗೆಯೇ ಎತ್ತಿಕೊಂಡವು. ಪವರ್ ಸ್ಟಿಯರಿಂಗ್ ಇಲ್ಲದ ಕಾಲದಲ್ಲಿ ಅದರಿಂದ ಚಕ್ರ ತಿರುಗಿಸುವುದು ಹಗುರವಾಗುತ್ತಿತ್ತು.

ಎರಡನೆಯ ಕೋನದ ಹೆಸರು ಟೋ. ಕಾಲ್ಬೆರಳಿನಿಂದ ಬಂದ ಹೆಸರು. ನಡೆಯುವಾಗ ಕೆಲವರ ಪಾದಗಳು ಒಳಮುಖವಾಗಿರುತ್ತವೆ, ಕೆಲವರದು ಹೊರಮುಖ. ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳೂ ಹಾಗೆಯೇ ಒಂದರ ಕಡೆಗೊಂದು ತಿರುಗಿರಬಹುದು, ಇಲ್ಲವೇ ಮುಖ ತಿರುಗಿಸಿಕೊಂಡಿರಬಹುದು. ಮೂರನೆಯದು ಕ್ಯಾಸ್ಟರ್: ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ. ಸೈಕಲ್ಲಿನ ಮುಂಭಾಗದ ಫೋರ್ಕಿನ ಓರೆಯನ್ನು ನೆನೆದುಕೊಂಡರೆ ಸಾಕು. ವ್ಹೀಲ್ ಅಲೈನ್‌ಮೆಂಟ್ ಎಂದು ಗ್ಯಾರೇಜಿನ ಬೋರ್ಡಿನಲ್ಲಿ ಬರೆದಿರುವುದು ಈ ಮೂರು ಕೋನಗಳ ಲೆಕ್ಕವನ್ನೇ.

ಇಷ್ಟರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗಾಡಿಯಲ್ಲೂ ಮೊದಲ ಕಾರುಗಳಲ್ಲೂ ಎಡ ಬಲ ಚಕ್ರಗಳನ್ನು ಒಂದೇ ಅಚ್ಚು ಜೋಡಿಸುತ್ತಿತ್ತು. ಅಚ್ಚಿನ ಮೇಲೆ ಲೀಫ್ ಸ್ಪ್ರಿಂಗು, ಅದರ ಮೇಲೆ ಮೈ. ಸ್ಪ್ರಿಂಗನ್ನು ಬಗ್ಗಿಸಿ ಮೈಯನ್ನು ನಾಲ್ಕು ಇಂಚು ಇಳಿಸಿದರೂ ಅಚ್ಚು ಅಚ್ಚೇ. ಅದರ ತುದಿಯ ಚಕ್ರ ನೆಲದೊಂದಿಗೆ ಮಾಡುವ ಕೋನ ಬದಲಾಗದು. ಆ ಕಾಲದ ಕಾರು ತಗ್ಗಿದ್ದು ಟೈರಿಗೆ ಬಹುಮಟ್ಟಿಗೆ ಗೊತ್ತೇ ಆಗುತ್ತಿರಲಿಲ್ಲ.

ಅಚ್ಚು ಮುರಿದ ವರ್ಷ

1920ರ ದಶಕದಲ್ಲಿ ಕಾರುಗಳ ವೇಗ ಹೆಚ್ಚಿತು, ಕಡಿಮೆ ಒತ್ತಡದ ದಪ್ಪ ಬಲೂನ್ ಟೈರುಗಳು ಬಂದವು. ಜೊತೆಗೇ ಒಂದು ಕಾಯಿಲೆಯೂ ಬಂತು. ಒಂದು ಚಕ್ರ ಉಬ್ಬಿನ ಮೇಲೆ ಹತ್ತಿದರೆ ಇಡೀ ಅಚ್ಚು ಓರೆಯಾಗುತ್ತದೆ. ವೇಗವಾಗಿ ಸುತ್ತುವ ಚಕ್ರವನ್ನು ಹೀಗೆ ಓರೆ ಮಾಡಿದರೆ ಅದು ಬುಗುರಿಯ ಹಾಗೆ ಬೇರೆ ದಿಕ್ಕಿಗೆ ತಿರುಗಲು ನೋಡುತ್ತದೆ. ಸ್ಟಿಯರಿಂಗು ಗಡಗಡ ನಡುಗುತ್ತದೆ. ಶಿಮ್ಮಿ ಎಂದು ಕರೆಯುತ್ತಿದ್ದ ಈ ನಡುಕಕ್ಕೆ ಒಂದೇ ಅಚ್ಚಿನ ವ್ಯವಸ್ಥೆಯೊಳಗೆ ಪೂರ್ಣ ಪರಿಹಾರ ಇರಲಿಲ್ಲ.

ರೋಲ್ಸ್ ರಾಯ್ಸ್‌ನಲ್ಲಿ ದುಡಿದಿದ್ದ ಮಾರಿಸ್ ಓಲಿ ಎಂಬ ಬ್ರಿಟಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಕ್ಯಾಡಿಲ್ಯಾಕ್ ವಿಭಾಗಕ್ಕೆ ಬಂದರು. ಕಾರು ಉಬ್ಬು ತಗ್ಗುಗಳಲ್ಲಿ ಹೇಗೆ ಕುಲುಕುತ್ತದೆ, ಪ್ರಯಾಣಿಕನಿಗೆ ಅದು ಯಾಕೆ ಹಿಂಸೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವರಲ್ಲಿ ಅವರು ಪ್ರಮುಖರು. ಮುಂದಿನ ಸ್ಪ್ರಿಂಗುಗಳು ಹಿಂದಿನವಕ್ಕಿಂತ ಮೆತ್ತಗಿರಬೇಕು ಎಂದು ಅವರು ತೋರಿಸಿಕೊಟ್ಟರು. ಆದರೆ ಸ್ಪ್ರಿಂಗು ಮೆತ್ತಗಾದಷ್ಟೂ ಒಂದೇ ಅಚ್ಚಿನ ಶಿಮ್ಮಿ ಹೆಚ್ಚುತ್ತಿತ್ತು. ದಾರಿ ಒಂದೇ: ಅಚ್ಚನ್ನು ತೆಗೆದುಹಾಕಿ, ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿ ಮೈಗೆ ಕೀಲಿಸುವುದು. 1934ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಇದನ್ನು ಮಾರುಕಟ್ಟೆಗೆ ತಂದಿತು. ಯುರೋಪಿನಲ್ಲಿ ಇಂಥ ಪ್ರಯೋಗಗಳು ಮೊದಲೇ ನಡೆದಿದ್ದವು. ಲಕ್ಷಗಟ್ಟಲೆ ಜನರ ಕಾರುಗಳಿಗೆ ಅದನ್ನು ಒಯ್ದದ್ದು ಅಮೆರಿಕ. ಫೋರ್ಡ್ ಮಾತ್ರ ಹಠ ಹಿಡಿದು 1948ರವರೆಗೂ ತನ್ನ ಕಾರುಗಳಲ್ಲಿ ಮುಂದಿನ ಅಚ್ಚನ್ನು ಉಳಿಸಿಕೊಂಡಿತ್ತು.

ಹೊಸ ವ್ಯವಸ್ಥೆಯಲ್ಲಿ ಚಕ್ರವನ್ನು ಎರಡು ತೋಳುಗಳು ಹಿಡಿದಿರುತ್ತವೆ. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ. ಎರಡೂ ಒಳತುದಿಯಲ್ಲಿ ಚಾಸಿಗೆ ಕೀಲು, ಹೊರತುದಿಯಲ್ಲಿ ಚಕ್ರಕ್ಕೆ ಕೀಲು. ಚಕ್ರ ಮೇಲೇರಿದಾಗ ಎರಡೂ ತೋಳುಗಳ ತುದಿಗಳು ಕಮಾನಿನಲ್ಲಿ ಚಲಿಸುತ್ತವೆ. ಗಿಡ್ಡ ತೋಳಿನ ಕಮಾನು ಚಿಕ್ಕದು. ಅದರ ತುದಿ ಬೇಗ ಒಳಕ್ಕೆ ಸರಿಯುತ್ತದೆ. ಪರಿಣಾಮವಾಗಿ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟದ್ದು. ತಿರುವಿನಲ್ಲಿ ಕಾರು ಹೊರಗಡೆಗೆ ವಾಲುತ್ತದೆ, ಮೈಯೊಂದಿಗೆ ಹೊರಗಿನ ಚಕ್ರವೂ ಹೊರಕ್ಕೆ ವಾಲಬೇಕಾಗಿತ್ತು. ಈ ತೋಳುಗಳು ಅದನ್ನು ಒಳಕ್ಕೆ ಎಳೆದು ಟೈರು ನೆಲದ ಮೇಲೆ ಸಮನಾಗಿ ಕೂರುವಂತೆ ನೋಡಿಕೊಳ್ಳುತ್ತವೆ.

ಆದರೆ ಇದರ ಬೆಲೆಯೂ ಇತ್ತು. ಚಕ್ರದ ಕೋನ ಇನ್ನು ಮುಂದೆ ಕಾರಿನ ಎತ್ತರವನ್ನು ಅವಲಂಬಿಸಿತು. ಚಕ್ರ ಮೇಲೇರುವುದೂ ಮೈ ಕೆಳಗಿಳಿಯುವುದೂ ತೋಳುಗಳಿಗೆ ಒಂದೇ. ತಿರುವಿನಲ್ಲಿ ಕ್ಷಣಹೊತ್ತು ಇರಬೇಕಾದ ಓರೆ, ಕಾರನ್ನು ತಗ್ಗಿಸಿದರೆ ನೇರ ದಾರಿಯಲ್ಲೂ ಕಾಯಂ ಆಗಿ ಉಳಿಯುತ್ತದೆ. ಅಲೈನ್‌ಮೆಂಟ್ ಎಂಬುದು ಒಂದು ಎತ್ತರಕ್ಕೆ ಮಾತ್ರ ಸತ್ಯವಾದ ಮಾತಾಯಿತು.

ರಬ್ಬರಿನ ಲೆಕ್ಕ

ವಾಲಿದ ಟೈರಿನ ಒಳ ಅಂಚು ಹೆಚ್ಚು ಭಾರ ಹೊರುತ್ತದೆ. ಅಷ್ಟೇ ಅಲ್ಲ, ವಾಲಿದ ಚಕ್ರ ಶಂಕುವಿನಂತೆ ವರ್ತಿಸುತ್ತದೆ. ನೆಲದ ಮೇಲೆ ಲೋಟವನ್ನು ಉರುಳಿಸಿದರೆ ಅದು ನೇರವಾಗಿ ಹೋಗದೆ ಸುತ್ತು ಹಾಕುತ್ತದೆಯಲ್ಲ, ಹಾಗೆ. ಎಡ ಬಲದ ಚಕ್ರಗಳು ಪರಸ್ಪರ ತಡೆದು ಕಾರು ನೇರವಾಗಿ ಹೋಗುತ್ತದೆ ನಿಜ. ಸುತ್ತುವ ಆಸೆಯನ್ನು ತಡೆಹಿಡಿದ ಟೈರು ಮಾತ್ರ ಒಳ ಅಂಚಿನಲ್ಲಿ ಉಜ್ಜಿಕೊಳ್ಳುತ್ತದೆ. ಈ ಸವೆತ ನಯವಾಗಿರುತ್ತದೆ, ನಿಧಾನವಾಗಿರುತ್ತದೆ.

ಟೋ ಹಾಗಲ್ಲ. ತಗ್ಗಿಸಿದ ಕಾರಿನ ಟೈರು ಬೇಗ ಹಾಳಾಯಿತೆಂದರೆ ಬಹಳ ಸಲ ಬೈಗುಳ ಬೀಳುವುದು ಕಣ್ಣಿಗೆ ಕಾಣುವ ಕ್ಯಾಂಬರಿಗೆ, ಕೆಲಸ ಮಾಡಿದ್ದು ಕಣ್ಣಿಗೆ ಕಾಣದ ಟೋ. ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕೂಡ ಒಂದು ತೋಳೇ. ಅದಕ್ಕೂ ತನ್ನದೇ ಕಮಾನು ಇದೆ. ಮೈ ಇಳಿದಾಗ ಟೈ ರಾಡಿನ ತುದಿ ಒಂದು ದಾರಿಯಲ್ಲಿ, ಚಕ್ರ ಇನ್ನೊಂದು ದಾರಿಯಲ್ಲಿ ಸಾಗಿ ಚಕ್ರದ ಮುಖ ತಿರುಗುತ್ತದೆ. ಒಳಕ್ಕೋ ಹೊರಕ್ಕೋ ಎಂಬುದು ಟೈ ರಾಡ್ ಅಚ್ಚಿನ ರೇಖೆಯ ಮುಂದಿದೆಯೋ ಹಿಂದಿದೆಯೋ, ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಿಂತಿದೆ.

ಒಂದು ಚಕ್ರ ಸಾಗಬೇಕಾದ ದಿಕ್ಕಿಗಿಂತ 1 ಡಿಗ್ರಿ ಓರೆಯಾಗಿದೆ ಎಂದುಕೊಳ್ಳೋಣ. ಕಾರು 1 ಕಿಲೋಮೀಟರ್ ಓಡಿದಾಗ ಆ ಚಕ್ರ ತಾನು ಹೋಗಬಯಸಿದ ದಾರಿಯಿಂದ ಸುಮಾರು 17 ಮೀಟರ್ ಪಕ್ಕಕ್ಕೆ ಎಳೆಯಲ್ಪಟ್ಟಿರುತ್ತದೆ. 10,000 ಕಿಲೋಮೀಟರಿಗೆ ಅದು ಸುಮಾರು 175 ಕಿಲೋಮೀಟರ್: ಮುಂಬಯಿಯಿಂದ ಪುಣೆಗೆ ಇರುವ ದೂರಕ್ಕಿಂತ ಹೆಚ್ಚು. ರಬ್ಬರು ಬಳುಕುವ ವಸ್ತುವಾದ್ದರಿಂದ ಅಷ್ಟೂ ದೂರ ಅದು ಜಾರಿ ಉಜ್ಜುವುದಿಲ್ಲ. ಒಂದಷ್ಟು ಬಳುಕಿ, ಉಳಿದದ್ದಕ್ಕೆ ಜಾರುತ್ತದೆ. ಆ ಉಳಿದದ್ದೇ ಟೈರನ್ನು ತಿನ್ನಲು ಸಾಕು. ಟೋ ತಿಂದ ಟೈರಿನ ಮೇಲೆ ಅಡ್ಡಕ್ಕೆ ಅಂಗೈ ಸವರಿದರೆ ಒಂದು ಕಡೆಗೆ ನುಣುಪು, ವಾಪಸು ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಯಂತ್ರಕ್ಕೆ ಹಾಕುವ ಮೊದಲೇ ರೋಗ ಹೇಳುತ್ತಿದ್ದದ್ದು ಹೀಗೆ ಕೈ ಆಡಿಸಿಯೇ.

ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಮೇಲಿನ ತೋಳೇ ಇಲ್ಲ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬವೊಂದು ಆ ಕೆಲಸ ಮಾಡುತ್ತದೆ. ಅಗ್ಗ, ಹಗುರ, ಜಾಗ ಉಳಿತಾಯ. ಇಂಥ ಕಾರನ್ನು ತೀರಾ ತಗ್ಗಿಸಿದರೆ ಕೆಳಗಿನ ತೋಳು ಹೊರತುದಿಯಲ್ಲಿ ಮೇಲಕ್ಕೆ ಏರಿ ನಿಲ್ಲುತ್ತದೆ. ಆಮೇಲೆ ತಿರುವಿನಲ್ಲಿ ಚಕ್ರ ಒಳಕ್ಕೆ ವಾಲುವ ಬದಲು ಹೊರಕ್ಕೆ ವಾಲತೊಡಗುತ್ತದೆ. ಕಾರು ನೆಲಕ್ಕೆ ಹತ್ತಿರವಾದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಒಂದು ಮಿತಿಯವರೆಗೆ ನಿಜ, ಅದರಾಚೆ ತಿರುಗುಮುರುಗು.

ತಗ್ಗಿ, ನಿಧಾನವಾಗಿ

ಇಷ್ಟು ಬೆಲೆ ತೆತ್ತು ಕಾರನ್ನು ತಗ್ಗಿಸುವುದಾದರೂ ಏಕೆ? ಈ ಪ್ರಶ್ನೆಗೆ ಪೂರ್ವ ಲಾಸ್ ಏಂಜಲೀಸಿನಲ್ಲಿ ಸಿಗುವ ಉತ್ತರ ಎಂಜಿನಿಯರಿಂಗಿನದಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿನ ಮೆಕ್ಸಿಕನ್ ಅಮೆರಿಕನ್ ಯುವಕರು ಸೇನೆಯಿಂದ ಮನೆಗೆ ಮರಳಿದರು. ಕೈಯಲ್ಲಿ ಸಂಬಳದ ಉಳಿತಾಯ, ಯಂತ್ರ ಬಿಚ್ಚಿ ಕಟ್ಟುವ ಕಸುಬು. ಅವರ ಊರಿನಲ್ಲೇ ಕೆಲವು ವರ್ಷಗಳ ಹಿಂದೆ, 1943ರ ಜೂನ್‌ನಲ್ಲಿ, ಸಡಿಲ ಪ್ಯಾಂಟು ಉದ್ದ ಕೋಟಿನ ಜೂಟ್ ಸೂಟು ತೊಟ್ಟ ಹುಡುಗರನ್ನು ನಾವಿಕರು ಬೀದಿಯಲ್ಲಿ ಹಿಡಿದು ಹೊಡೆದು ಬಟ್ಟೆ ಹರಿದಿದ್ದರು. ಬಂಧನಕ್ಕೊಳಗಾದವರಲ್ಲಿ ಹೆಚ್ಚಿನವರು ಹೊಡೆಸಿಕೊಂಡ ಹುಡುಗರೇ. ಬಟ್ಟೆಯಲ್ಲಿ ಮೆರೆಯುವುದಕ್ಕೂ ಬೆಲೆ ತೆರಬೇಕಿದ್ದ ಊರು ಅದು. ಯುದ್ಧದ ನಂತರ ಮೆರೆಯುವ ವಸ್ತು ಕಾರಾಯಿತು.

ಅದೇ ಕಾಲದಲ್ಲಿ ಇತರ ಅಮೆರಿಕನ್ ಹುಡುಗರು ಹಳೆಯ ಫೋರ್ಡುಗಳನ್ನು ಹಾಟ್ ರಾಡ್‌ಗಳಾಗಿ ಮಾಡಿ ವೇಗದ ಹಿಂದೆ ಬಿದ್ದಿದ್ದರು. ಪೂರ್ವ ಲಾಸ್ ಏಂಜಲೀಸಿನವರು ಆರಿಸಿಕೊಂಡದ್ದು ಅದರ ತದ್ವಿರುದ್ಧವನ್ನು. ಅವರ ಆದರ್ಶವನ್ನು ಸ್ಪ್ಯಾನಿಷ್‌ನಲ್ಲಿ 'ಬಾಹಿತೋ ಇ ಸುವಾವೆಸಿತೋ' ಎನ್ನುತ್ತಾರೆ. ಎರಡೂ ಪದಗಳಿಗೆ ಅಂಟಿರುವ 'ಇತೋ' ಎಂಬ ಪ್ರತ್ಯಯ ಚಿಕ್ಕದನ್ನೂ ಮುದ್ದನ್ನೂ ಒಟ್ಟಿಗೆ ಸೂಚಿಸುವಂಥದ್ದು. 'ತಗ್ಗಿ' ಎಂಬುದಕ್ಕೂ 'ಮೆಲ್ಲಗೆ' ಎಂಬುದಕ್ಕೂ ಒಂದು ಅಕ್ಕರೆ ಸೇರಿಸಿದರೆ ಆಗುವ ಮಾತು. ಸಂಜೆ ವಿಟಿಯರ್ ಬುಲೆವಾರ್ಡ್ ಎಂಬ ಬೀದಿಯಲ್ಲಿ ಮೆಲ್ಲಗೆ ಸಾಗಬೇಕು, ನೋಡಬೇಕು, ನೋಡಿಸಿಕೊಳ್ಳಬೇಕು. ಅಲ್ಲಿ ವೇಗವಾಗಿ ಹೋದವನಿಗೇ ನಷ್ಟ.

ಮೊದಮೊದಲು ಉಪಾಯ ಸರಳವಾಗಿತ್ತು: ಡಿಕ್ಕಿಯಲ್ಲಿ ಮರಳಿನ ಚೀಲ. ಹಿಂದಿನ ಅಚ್ಚಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಮರದ ಅಥವಾ ಲೋಹದ ದಿಮ್ಮಿ. ಮುಂದುಗಡೆ ಸುರುಳಿ ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕತ್ತರಿಸುವುದು, ಇಲ್ಲವೇ ಗ್ಯಾಸಿನ ಜ್ವಾಲೆಯಿಂದ ಕಾಯಿಸಿ ಕುಗ್ಗಿಸುವುದು. ಕತ್ತರಿಸಿದ ಸ್ಪ್ರಿಂಗು ಗಿಡ್ಡವಾಗುವುದಷ್ಟೇ ಅಲ್ಲ, ಸುತ್ತು ಕಡಿಮೆಯಾದಷ್ಟೂ ಬಿರುಸಾಗುತ್ತದೆ. ಕಾಯಿಸಿದ ಸ್ಪ್ರಿಂಗು ತನ್ನ ಹದ ಕಳೆದುಕೊಳ್ಳುತ್ತದೆ. ಹಿಂದಿನ ಚಕ್ರಗಳಿಗೆ ಗಟ್ಟಿ ಅಚ್ಚು ಇದ್ದುದರಿಂದ ಅವು ನೆಟ್ಟಗೇ ಉಳಿದವು, ಮುಂದಿನವು ವಾಲಿದವು. 1930 ಮತ್ತು 40ರ ದಶಕದ ಗುಂಡನೆಯ ಷೆವ್ರೊಲೆಗಳು, ಲೋರೈಡರ್ ಬಳಗ ಇಂದಿಗೂ 'ಬೊಂಬಾ' ಎಂದು ಕರೆಯುವ ಕಾರುಗಳು, ಹೀಗೆ ನೆಲದ ಹತ್ತಿರ ಬಂದವು.

ಸ್ವಿಚ್ಚು

1958ರ ಕಲಮು ಬಂದದ್ದು ಈ ಕಾರುಗಳು ಬೀದಿಯಲ್ಲಿ ಎದ್ದುಕಾಣುತ್ತಿದ್ದ ಕಾಲಕ್ಕೆ. ಕಲಮಿನ ಮಾತಿನಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಯಾವ ಬೀದಿಯಲ್ಲಿ, ಯಾರನ್ನು ನಿಲ್ಲಿಸಿ ಕಾರಿನ ಕೆಳಗೆ ಬಗ್ಗಿ ನೋಡಬೇಕೆಂಬುದು ಪೊಲೀಸರ ಇಚ್ಛೆಗೆ ಬಿಟ್ಟದ್ದಾಗಿತ್ತು. ಕಾರು ನಿಲ್ಲಿಸಲು ಒಂದು ಕಾರಣ ಸಿಕ್ಕರೆ ಮುಂದಿನ ವಿಚಾರಣೆಗೆಲ್ಲ ದಾರಿ ತೆರೆದಂತೆ.

ಸ್ಯಾನ್ ಬರ್ನಾರ್ಡಿನೋ ಪ್ರದೇಶದ ರಾನ್ ಅಗಿರೆ ಎಂಬ ಯುವಕ ತನ್ನ ತಗ್ಗಿದ ಕೊರ್ವೆಟ್ ಕಾರಿಗೆ ದಂಡದ ಚೀಟಿಗಳನ್ನು ಪಡೆದು ಬೇಸತ್ತಿದ್ದ. ದಕ್ಷಿಣ ಕ್ಯಾಲಿಫೋರ್ನಿಯಾ ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಗಳ ನಾಡಾಗಿತ್ತು. ವಿಮಾನಗಳ ಹೈಡ್ರಾಲಿಕ್ ಪಂಪು, ಸಿಲಿಂಡರ್, ಕವಾಟಗಳು ಹೆಚ್ಚುವರಿ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. 1959ರಲ್ಲಿ ಅಗಿರೆ ತಂದೆಯ ನೆರವಿನೊಂದಿಗೆ ಅವನ್ನು ಕಾರಿಗೆ ಜೋಡಿಸಿದ. ಎಕ್ಸ್-ಸಾನಿಕ್ ಎಂದು ಹೆಸರಾದ ಆ ಕಾರು ಚಾಲಕ ಸ್ವಿಚ್ಚು ಒತ್ತಿದರೆ ಇಳಿಯುತ್ತಿತ್ತು, ಮತ್ತೆ ಒತ್ತಿದರೆ ಏರುತ್ತಿತ್ತು. ಪೊಲೀಸರು ಕಂಡರೆ ಕಾನೂನಿನ ಎತ್ತರ. ಅವರು ಹೋದ ಮೇಲೆ ತನ್ನ ಎತ್ತರ.

ಕಲಮು ಒಂದು ಎತ್ತರವನ್ನು ಅಳೆಯಬಲ್ಲದಾಗಿತ್ತು. ಅಗಿರೆಯ ಕಾರಿಗೆ ಒಂದೇ ಎತ್ತರ ಇರಲಿಲ್ಲ. ಕಾನೂನಿನ ತೊಡಕು ಹೀಗೆ ಬಗೆಹರಿಯಿತು, ಚಕ್ರದ ತೊಡಕು ಮಾತ್ರ ದುಪ್ಪಟ್ಟಾಯಿತು. ಅಲೈನ್‌ಮೆಂಟ್ ಒಂದೇ ಎತ್ತರಕ್ಕೆ ಸರಿಯಾಗಿರಬಲ್ಲದು. ಮೂರು ಎತ್ತರಗಳಲ್ಲಿ ಬದುಕುವ ಕಾರಿಗೆ ಯಾವುದನ್ನು ಸರಿಯೆನ್ನಬೇಕು?

ಮುಂದೆ ಈ ಬಳಗದ ಅಚ್ಚುಮೆಚ್ಚಿನ ಕಾರಾದದ್ದು ಷೆವ್ರೊಲೆ ಇಂಪಾಲಾ, ಅದರಲ್ಲೂ 1958ರಿಂದ 1964ರವರೆಗಿನ ಮಾದರಿಗಳು. ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗು ಇದ್ದುದರಿಂದ ಸಿಲಿಂಡರ್ ಕೂರಿಸಲು ಜಾಗ ಸಿಕ್ಕಿತು. ಮುಂದಿನ ಚಕ್ರಕ್ಕೆ ಗಿಡ್ಡ ಉದ್ದದ ಜೋಡಿ ತೋಳು, ಹಿಂದೆ ಗಟ್ಟಿ ಅಚ್ಚು. ಮುಂಭಾಗವನ್ನು ಪೂರ್ತಿ ಎತ್ತಿ ನಿಲ್ಲಿಸಿದಾಗ ಗಿಡ್ಡ ತೋಳು ಕಡಿದಾಗಿ ಕೆಳಮುಖವಾಗಿ, ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಅದಕ್ಕೆ ಅವರು ಕಂಡುಕೊಂಡ ಮದ್ದು ಮೇಲಿನ ತೋಳನ್ನೇ ಕತ್ತರಿಸಿ ಒಂದು ಇಂಚಿನಷ್ಟು ಉದ್ದ ಮಾಡಿ ಬೆಸೆಯುವುದು. ಓಲಿಯ ತಲೆಮಾರಿನ ಎಂಜಿನಿಯರುಗಳು ನಕ್ಷೆಯ ಹಲಗೆಯ ಮೇಲೆ ಲೆಕ್ಕ ಹಾಕಿದ್ದ ಅಳತೆಯನ್ನು ಮನೆಯ ಹಿತ್ತಿಲಲ್ಲಿ ವೆಲ್ಡಿಂಗ್ ಕಡ್ಡಿ ಹಿಡಿದವರು ತಮ್ಮ ಎತ್ತರಕ್ಕೆ ತಕ್ಕಂತೆ ಮತ್ತೆ ಬರೆದರು. ಟೈರು ಸವೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಮೆಲ್ಲಗೆ ಸಾಗುವ, ವಾರಕ್ಕೊಮ್ಮೆ ಹೊರಡುವ ಕಾರಿಗೆ ಆ ಸವೆತ ಒಪ್ಪಿಕೊಂಡ ಖರ್ಚಾಗಿತ್ತು.

ತಗ್ಗಿಸಿದ್ದರೆ ಉಳಿಯುತ್ತಿದ್ದ ಕಾರು

ಅಗಿರೆ ಪಂಪು ಜೋಡಿಸಿದ ಅದೇ 1959ರ ಕೊನೆಗೆ ಷೆವ್ರೊಲೆ ಕಂಪನಿ ಕೊರ್ವೇರ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ನು ಹಿಂದೆ, ಹಿಂದಿನ ಚಕ್ರಗಳಿಗೆ ಸ್ವಿಂಗ್ ಆಕ್ಸಲ್. ಈ ವ್ಯವಸ್ಥೆಯಲ್ಲಿ ಅರ್ಧರ್ಧ ಅಚ್ಚುಗಳು ನಡುವಿನ ಕೀಲಿನಿಂದ ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತವೆ, ಚಕ್ರ ರೆಕ್ಕೆಯ ತುದಿಯಲ್ಲಿ. ಮೈ ಇಳಿದರೆ ಚಕ್ರದ ತಲೆ ಒಳಕ್ಕೆ, ಮೈ ಎದ್ದರೆ ಹೊರಕ್ಕೆ. ಬಿರುಸಾದ ತಿರುವಿನಲ್ಲಿ ಹಿಂಭಾಗ ಎದ್ದು ಹೊರಗಿನ ಚಕ್ರ ಮೈಯಡಿಗೆ ಮಡಚಿಕೊಂಡು ಹಿಡಿತ ಬಿಟ್ಟುಬಿಡಬಹುದಿತ್ತು. ಕಂಪನಿ ನಂಬಿದ್ದು ಟೈರಿನ ಒತ್ತಡವನ್ನು: ಮುಂದೆ 15 ಪಿಎಸ್‌ಐ, ಹಿಂದೆ 26. ಪೆಟ್ರೋಲು ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಸಮ ಗಾಳಿ ತುಂಬಿದರೆ ಆ ರಕ್ಷಣೆ ಹೋಯಿತು.

1965ರಲ್ಲಿ ರಾಲ್ಫ್ ನೇಡರ್ ತಮ್ಮ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟರು. 1972ರಲ್ಲಿ ಸರ್ಕಾರದ ಸುರಕ್ಷತಾ ಸಂಸ್ಥೆಯ ವರದಿ, ಕೊರ್ವೇರ್ ತನ್ನ ಕಾಲದ ಅಂಥದೇ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಾಗಿರಲಿಲ್ಲ ಎಂದಿತು. ವಾದ ಏನೇ ಇರಲಿ, ಸ್ವಿಂಗ್ ಆಕ್ಸಲ್ ಕಾರುಗಳನ್ನು ಬಲ್ಲವರಿಗೆ ಮದ್ದು ಗೊತ್ತಿತ್ತು. ಹಳೆಯ ಪೋರ್ಷೆ, ಫೋಕ್ಸ್‌ವ್ಯಾಗನ್ ಓಡಿಸುವವರು ಹಿಂಭಾಗವನ್ನು ತುಸು ತಗ್ಗಿಸಿ, ಚಕ್ರಗಳಿಗೆ ಮೊದಲೇ ಒಳವಾಲು ಕೊಡುತ್ತಿದ್ದರು. ಎದ್ದರೂ ಮಡಚಿಕೊಳ್ಳುವ ಹಂತಕ್ಕೆ ಅದು ಹೋಗುತ್ತಿರಲಿಲ್ಲ. ಟೈರಿನ ಒಳ ಅಂಚು ಸವೆಯುತ್ತಿತ್ತು, ಚಾಲಕ ಬದುಕುತ್ತಿದ್ದ.

ತಗ್ಗಿದ್ದು ಅಪಾಯ, ಎತ್ತರದ್ದು ಕ್ಷೇಮ ಎಂಬ ಸಾಮಾನ್ಯ ಸೂತ್ರ ನಿಲ್ಲುವುದಿಲ್ಲ. ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಅಪಾಯವಿದ್ದ ಕೊರ್ವೇರ್ ಕಾನೂನುಬದ್ಧವಾಗಿ ಓಡುತ್ತಿತ್ತು. ಮೈಲಿಗೊಮ್ಮೆ ನಿಲ್ಲಿಸಿಕೊಳ್ಳುತ್ತಿದ್ದದ್ದು ನಡಿಗೆಯ ವೇಗದಲ್ಲಿ ಸಾಗುವ ಇಂಪಾಲಾ.

ಬೀದಿ ಮುಚ್ಚಿ, ಬೀದಿ ತೆರೆದು

1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಮೆಕ್ಸಿಕನ್ ಅಮೆರಿಕನ್ನರ ಬೃಹತ್ ಮೆರವಣಿಗೆ ಸಾಗಿದ್ದು ಇದೇ ವಿಟಿಯರ್ ಬುಲೆವಾರ್ಡಿನಲ್ಲಿ. ಅಂದು ಪತ್ರಕರ್ತ ರೂಬೆನ್ ಸಲಾಸಾರ್ ಅದೇ ಬೀದಿಯ ಸಿಲ್ವರ್ ಡಾಲರ್ ಎಂಬ ಪಾನಗೃಹದಲ್ಲಿ ಶೆರಿಫ್ ಸಿಬ್ಬಂದಿ ಹಾರಿಸಿದ ಅಶ್ರುವಾಯು ಶೆಲ್ ತಗುಲಿ ಸತ್ತರು. ಬೀದಿಯಲ್ಲಿ ಕಾರು ಮೆರೆಸುವುದೂ ಬೀದಿ ತಮ್ಮದೆನ್ನುವುದೂ ಆ ದಶಕದಲ್ಲಿ ಬೇರೆಬೇರೆ ಸಂಗತಿಗಳಾಗಿ ಉಳಿಯಲಿಲ್ಲ. 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಮೂವರು ಯುವಕರು 'ಲೋ ರೈಡರ್' ಪತ್ರಿಕೆ ಆರಂಭಿಸಿದರು. 1979ರಲ್ಲಿ ಅಧಿಕಾರಿಗಳು ವಿಟಿಯರ್ ಬುಲೆವಾರ್ಡಿನಲ್ಲಿ ಕಾರು ಸುತ್ತಿಸುವುದನ್ನೇ ನಿಲ್ಲಿಸಿದರು. ಬೇರೆ ಊರುಗಳೂ ಹಿಂಬಾಲಿಸಿದವು. ಸ್ಯಾನ್ ಡಿಯಾಗೋ ಪಕ್ಕದ ನ್ಯಾಷನಲ್ ಸಿಟಿ 1992ರಲ್ಲಿ ನಿಷೇಧ ತಂದಿತು.

ಮತ್ತೊಂದು ಕಡೆಯಿಂದ ಮನ್ನಣೆಯೂ ಬರತೊಡಗಿತು. ಇಂಪೀರಿಯಲ್ಸ್ ಕ್ಲಬ್ಬಿನ ಜೆಸ್ಸಿ ವಲಾಡೆಸ್ ಅವರ ಗುಲಾಬಿ ಹೂಗಳ ಚಿತ್ತಾರದ 1964ರ ಇಂಪಾಲಾ, 'ಜಿಪ್ಸಿ ರೋಸ್', 2017ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರದರ್ಶನಗೊಂಡಿತು. ತವರು ರಾಜ್ಯದ ಬೀದಿಯಲ್ಲಿ ಆಗಲೂ 24008 ಜಾರಿಯಲ್ಲಿತ್ತು. ಕೊನೆಗೆ 2023ರ ಅಕ್ಟೋಬರಿನಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಹೊಸ ಮಸೂದೆಗೆ ಸಹಿ ಹಾಕಿದರು. 2024ರ ಜನವರಿ 1ರಿಂದ ಎತ್ತರದ ಕಲಮೂ, ಬೀದಿ ಸುತ್ತುವುದನ್ನು ನಿಷೇಧಿಸಲು ಊರುಗಳಿಗಿದ್ದ ಅಧಿಕಾರವೂ ರದ್ದಾದವು.

ಕಾಣದ ಅಂಚು

ಭಾರತ ಇನ್ನೊಂದು ದಾರಿ ಹಿಡಿದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಯಾವುದೋ ಒಂದು ಎತ್ತರವನ್ನು ಹೇಳುವುದಿಲ್ಲ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನೇ ತಡೆಯುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಆದರೆ ಯಾರೂ ಮುಟ್ಟದೆಯೂ ಕಾರು ತಗ್ಗುತ್ತದೆ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗು ಕುಗ್ಗುತ್ತದೆ, ತೋಳುಗಳ ರಬ್ಬರು ಬುಶ್ಶು ಸಡಿಲವಾಗುತ್ತದೆ, ಹೊಂಡಕ್ಕೆ ಬಿದ್ದ ಚಕ್ರ ತನ್ನ ಕೋನ ಮರೆಯುತ್ತದೆ. ಹತ್ತು ವರ್ಷ ಹಳೆಯ ಟ್ಯಾಕ್ಸಿ ಕಾನೂನಿನ ಯಾವ ಕಲಮನ್ನೂ ಮುರಿಯದೆ ಲೋರೈಡರಿನ ಅದೇ ಸವೆತವನ್ನು ಸಣ್ಣ ಪ್ರಮಾಣದಲ್ಲಿ ಅನುಭವಿಸುತ್ತಿರುತ್ತದೆ. ಈ ಸವೆತದ ಕೆಟ್ಟ ಗುಣವೆಂದರೆ ಅದು ಹೊರಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಟೈರಿನ ಹೊರ ಅಂಚಿನ ಗೀರುಗಳು ಹೊಸದರ ಹಾಗೆ ಆಳವಾಗಿ ಕಾಣುತ್ತವೆ. ಒಳ ಅಂಚು ಬೋಳಾಗಿ ತಂತಿ ಹೊರಬಂದಿರುತ್ತದೆ. ಹೆದ್ದಾರಿಯಲ್ಲಿ ಸಿಡಿಯುವುದು ಆ ಅಂಚು.

ಅದಕ್ಕೇ ಬಲ್ಲವರ ಗ್ಯಾರೇಜಿನಲ್ಲಿ ಒಂದು ಕ್ರಮವಿದೆ. ಸ್ಪ್ರಿಂಗು ಬದಲಿಸಿದರೆ, ಎತ್ತರ ಯಾವ ಕಾರಣಕ್ಕೆ ಬದಲಾದರೂ, ಕಾರು ಕೆಲವು ದಿನ ಓಡಿ ತನ್ನ ಎತ್ತರಕ್ಕೆ ಕೂತ ಮೇಲೆ ಮತ್ತೆ ಅಲೈನ್‌ಮೆಂಟ್ ಮಾಡಿಸಬೇಕು. ಮೊದಲು ಕ್ಯಾಸ್ಟರ್, ಕ್ಯಾಂಬರ್. ಕೊನೆಗೆ ಟೋ, ಏಕೆಂದರೆ ಮೊದಲೆರಡನ್ನು ಮುಟ್ಟಿದರೆ ಟೋ ಕದಲುತ್ತದೆ. ಕ್ಯಾಂಬರ್ ಹೊಂದಿಸುವ ಅನುಕೂಲವೇ ಇಲ್ಲದ ಕಾರಿನಲ್ಲಿ ಟೋ ಒಂದನ್ನಾದರೂ ಸರಿಪಡಿಸಿದರೆ ಟೈರಿನ ಆಯುಸ್ಸಿನ ದೊಡ್ಡ ಪಾಲು ಉಳಿಯುತ್ತದೆ. ಯಂತ್ರ ಹೇಳುವ ಅಂಕಿಗಳನ್ನು ನಂಬುವ ಮೊದಲು ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಲ್ಲಿಸಿ, ಕೆಳಗೆ ಬಗ್ಗಿ, ಚಕ್ರದ ಒಳಮಗ್ಗುಲಿಗೆ ಕೈ ಹಾಕಿ ಸವರಿ ನೋಡಬೇಕು. ಪೂರ್ವ ಲಾಸ್ ಏಂಜಲೀಸಿನ ಪೊಲೀಸರು ಅರವತ್ತು ವರ್ಷ ಕಾರುಗಳ ಕೆಳಗೆ ಬಗ್ಗಿ ನೋಡಿದರು. ನೋಡಬೇಕಾಗಿದ್ದದ್ದು ಅಲ್ಲೇ, ಒಂದು ಗೇಣು ಪಕ್ಕದಲ್ಲಿತ್ತು.